ನ್ಯಾನೋ ಬೆಳ್ಳಿ ಲ್ಯಾಬಿನ ತಟ್ಟೆಯಿಂದ ತೋಟಕ್ಕೆ ಇಳಿಯಲಿ

ಎರಡು ಮಳೆಗಾಲದ ಹಿಂದೆ ನಾನೊಂದು ಸಣ್ಣ ಸುದ್ದಿ ಬರೆದಿದ್ದೆ. ಕಾಲೇಜೊಂದರ ವಿದ್ಯಾರ್ಥಿಗಳು ಎಲೆಯ ಕಷಾಯದಿಂದ ಬೆಳ್ಳಿಯ ನ್ಯಾನೋ ಕಣ ತಯಾರಿಸಿದ್ದರು. ಅದು ರೋಗಾಣುಗಳನ್ನು ಕೊಂದಿತ್ತು. ‘ಮಲೆನಾಡಿನ ಸೊಪ್ಪಿನಲ್ಲಿ ರೋಗಕ್ಕೆ ಮದ್ದು’ ಅಂತ ತಲೆಬರಹ ಕೊಟ್ಟೆ.

ಮರುದಿನ ಎರಡು ಫೋನ್ ಬಂದವು. ಮೊದಲನೆಯದು ಸಿದ್ದಾಪುರ ಕಡೆಯ ಹಿರಿಯರದ್ದು: “ತಮಾ, ನೀ ಬರದ ಔಷಧಿ ಎಲ್ಲಿ ಸಿಗ್ತು? ತೋಟದಲ್ಲಿ ಕೊಳೆ ಶುರುವಾಜು.” ಎರಡನೆಯದು ಯಲ್ಲಾಪುರ ಕಡೆಯ ಅಕ್ಕನದ್ದು: “ಅಮ್ಮನಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯ್ತಿಲ್ಲ. ಇದನ್ನ ಹಚ್ಚಬಹುದಾ?”

ಇಬ್ಬರಿಗೂ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ. ಆ ಸುದ್ದಿಯಲ್ಲಿ ನಾನು ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಅದನ್ನು ಹೇಗೆ ಮಾಡುತ್ತಾರೆ ನೋಡಿ. ಎಲೆಯನ್ನು ತೊಳೆದು ನೀರಲ್ಲಿ ಕುದಿಸಿ ಸೋಸುತ್ತಾರೆ. ಅದಕ್ಕೆ ನೀರಲ್ಲಿ ಕರಗಿಸಿದ ಸಿಲ್ವರ್ ನೈಟ್ರೇಟ್ ಬೆರೆಸುತ್ತಾರೆ. ಸ್ವಲ್ಪ ಹೊತ್ತಿಗೆ ಬಣ್ಣ ಕಂದಾಗುತ್ತದೆ. ಎಲೆಯಲ್ಲಿರುವ ಒಗರಿನಂಥ ಅಂಶಗಳು ಕರಗಿದ್ದ ಬೆಳ್ಳಿಯನ್ನು ಮತ್ತೆ ಲೋಹ ಮಾಡುತ್ತವೆ. ಆದರೆ ಗಟ್ಟಿಯಾಗಿ ಅಲ್ಲ, ಕಣ್ಣಿಗೆ ಕಾಣದ ಕಣಗಳಾಗಿ. ಒಂದು ಮಿಲಿಮೀಟರಿನ 10 ಲಕ್ಷದ ಒಂದು ಭಾಗ ಒಂದು ನ್ಯಾನೋಮೀಟರ್. ಈ ಕಣಗಳು ಸಾಮಾನ್ಯವಾಗಿ 100 ನ್ಯಾನೋಮೀಟರಿಗಿಂತ ಚಿಕ್ಕವು.

ಇದೇನೋ ದೊಡ್ಡ ವಿಜ್ಞಾನ ಅನ್ನಬೇಡಿ. ಬೋರ್ಡೋ ದ್ರಾವಣ ಮಾಡುವಾಗ ನೀವು ಕತ್ತಿಯ ಅಲಗನ್ನು ಅದ್ದಿ ನೋಡುತ್ತೀರಲ್ಲ? ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಕಡಿಮೆಯಾಗಿದೆ ಅಂತ ಇನ್ನಷ್ಟು ಹಾಕುತ್ತೀರಿ. ಆ ಕೆಂಪು ತಾಮ್ರವೇ. ನೀರಲ್ಲಿ ಕರಗಿದ್ದ ಮೈಲುತುತ್ತದ ತಾಮ್ರವನ್ನು ಕತ್ತಿಯ ಕಬ್ಬಿಣ ಲೋಹವಾಗಿ ಇಳಿಸಿತು. ಕಬ್ಬಿಣ ಮಾಡಿದ ಕೆಲಸವನ್ನೇ ಲ್ಯಾಬಿನಲ್ಲಿ ಎಲೆ ಮಾಡುತ್ತದೆ.

ಹಾಗಾಗಿ ಆ ವಿದ್ಯಾರ್ಥಿಗಳು ಮಾಡಿದ್ದು ಸುಳ್ಳಲ್ಲ. ಬೆಳ್ಳಿ ರೋಗಾಣು ಕೊಲ್ಲುವುದೂ ನಿಜ. ಸುಟ್ಟ ಗಾಯಕ್ಕೆ ಆಸ್ಪತ್ರೆಯಲ್ಲಿ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮಿನಲ್ಲಿ ಇರುವುದೂ ಬೆಳ್ಳಿಯೇ. ತಪ್ಪು ನನ್ನದು. ಗಾಜಿನ ತಟ್ಟೆಯಲ್ಲಿ ಕಂಡದ್ದನ್ನು ನಾನು ಮದ್ದು ಅಂದೆ.

ಇಂಥ ಸುದ್ದಿ ಇನ್ನು ಮುಂದೆಯೂ ನಿಮ್ಮ ವಾಟ್ಸಾಪಿಗೆ ಬರುತ್ತದೆ. ಆಗ ಕೆಲವು ಪ್ರಶ್ನೆ ಕೇಳಿ.

ಕೊಂದದ್ದು ಯಾವುದನ್ನು? ಇಂಥ ಪರೀಕ್ಷೆಗಳಲ್ಲಿ ಹೆಚ್ಚಾಗಿ ಬಳಸುವುದು ಇ. ಕೋಲಿಯಂಥ ಬ್ಯಾಕ್ಟೀರಿಯಾ. ನಮ್ಮ ಕೊಳೆರೋಗ ತರುವ ಫೈಟಾಪ್ತೊರಾ ಬ್ಯಾಕ್ಟೀರಿಯಾ ಅಲ್ಲ. ಅದು ಶಿಲೀಂಧ್ರದಂತೆ ಕಾಣುವ ಬೇರೆಯದೇ ಜಾತಿ. ಒಂದು ಸತ್ತಿತು ಅಂದರೆ ಇನ್ನೊಂದೂ ಸಾಯುತ್ತದೆ ಅಂತಲ್ಲ.

ಯಾವುದರ ಜೊತೆ ಹೋಲಿಸಿದರು? ಸಿಲ್ವರ್ ನೈಟ್ರೇಟ್ ತಾನೇ ರೋಗಾಣು ಕೊಲ್ಲುತ್ತದೆ. ಬರೀ ಕಷಾಯ, ಬರೀ ಸಿಲ್ವರ್ ನೈಟ್ರೇಟ್, ಆಮೇಲೆ ಕಣ ಎಂದು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡದಿದ್ದರೆ ಎಲೆಯ ಪಾಲೆಷ್ಟು ಅಂತ ಗೊತ್ತಾಗುವುದಿಲ್ಲ.

ಪ್ರತಿ ಸಲವೂ ಒಂದೇ ಥರ ಬರುತ್ತದಾ? ಬೇಸಿಗೆಯ ಎಲೆ, ಮಳೆಗಾಲದ ಎಲೆಯ ಗುಣ ಒಂದೇ ಅಲ್ಲ. ಸೊಪ್ಪಿನ ಬೆಟ್ಟ ಇರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಲೆ ಬದಲಾದರೆ ಕಣದ ಗಾತ್ರ ಬದಲಾಗುತ್ತದೆ, ಕೆಲಸವೂ ಬದಲಾಗುತ್ತದೆ.

ಮಳೆಗೆ ನಿಲ್ಲುತ್ತದಾ, ತೊಳೆದು ಹೋದದ್ದು ಎಲ್ಲಿಗೆ ಹೋಗುತ್ತದೆ? ಬೆಳ್ಳಿಗೆ ಒಳ್ಳೆಯ ಜೀವಾಣು, ಕೆಟ್ಟ ಜೀವಾಣು ಎಂಬ ಭೇದ ಇಲ್ಲ. ಗೊಬ್ಬರ ಕಳಿಸುವ ಜೀವಿಗಳಿಗೂ ಹಳ್ಳದ ಜಲಚರಗಳಿಗೂ ಅದು ವಿಷವಾಗಬಹುದು. ‘ಗಿಡದಿಂದ ಮಾಡಿದ್ದು’ ಅಂದ ಮಾತ್ರಕ್ಕೆ ನಿರಪಾಯ ಅಲ್ಲ. ಸೊಪ್ಪು ಪುಕ್ಕಟೆ ಸಿಕ್ಕರೂ ಬೆಳ್ಳಿ ಪುಕ್ಕಟೆ ಅಲ್ಲ ಅನ್ನುವುದೂ ನೆನಪಿರಲಿ.

ಹಾಗಾದರೆ ಲ್ಯಾಬಿನವರು ಸುಮ್ಮನಿರಬೇಕಾ? ಖಂಡಿತ ಬೇಡ. ನನ್ನ ಹಟ ಒಂದೇ, ಅವರು ತೋಟಕ್ಕೆ ಇಳಿಯಬೇಕು.

ಹಿಂದೆ ಇಳಿದವರಿದ್ದಾರೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಕೊಟ್ಟರು. ಅದಕ್ಕೂ ಮೊದಲು, 1885ರ ಹೊತ್ತಿಗೆ, ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಮೈಲುತುತ್ತ ಸುಣ್ಣದ ದ್ರಾವಣ ಗೆದ್ದಿತ್ತು. ಆದರೆ ದ್ರಾಕ್ಷಿಗೆ ಹೊಡೆದದ್ದು ಎತ್ತರದ ಅಡಿಕೆ ಕೊನೆಯ ಮೇಲೆ, ನಮ್ಮ ಆಷಾಢದ ಮಳೆಯಲ್ಲಿ ನಿಲ್ಲಬೇಕಲ್ಲ? ಅದಕ್ಕೆ ರಾಳದ ಅಂಟು ಬೇಕಾಯಿತು. ಕರಡದ ಕೊಟ್ಟೆ ಕಟ್ಟಿ ಕೊನೆ ಕಾಪಾಡುತ್ತಿದ್ದ ಸೀಮೆಗೆ ಬೋರ್ಡೋ ಬಂದದ್ದು ಹೀಗೆ. ಇವತ್ತಿಗೂ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ನಮ್ಮೂರ ಕೊನೆಗೌಡರ ಬಾಯಲ್ಲೇ ಇದೆ.

ಬೋರ್ಡೋಗೂ ದೋಷ ಇದೆ. ವರ್ಷ ವರ್ಷ ಹೊಡೆದ ತಾಮ್ರ ಮಣ್ಣಲ್ಲೇ ಉಳಿಯುತ್ತದೆ. ಮಳೆ ಬಿಡುವು ಕೊಡದಿದ್ದರೆ ಎರಡನೇ ಸಲ ಹೊಡೆಯುವುದು ತಪ್ಪುತ್ತದೆ. ಮರ ಹತ್ತುವವರು ಸಿಗುವುದಿಲ್ಲ. ಇದರ ಮೇಲೆ ಈಗ ಎಲೆಚುಕ್ಕಿ ರೋಗ ಬೇರೆ. ಕಡಿಮೆ ತಾಮ್ರದಲ್ಲಿ ಹೆಚ್ಚು ದಿನ ಹಿಡಿದು ನಿಲ್ಲುವ ನ್ಯಾನೋ ತಾಮ್ರ ಸಿಕ್ಕರೆ ಅದಕ್ಕಿಂತ ಬೇಕಾದದ್ದು ಏನಿದೆ? ಆದರೆ ಅದು ತಟ್ಟೆಯಲ್ಲಿ ತೀರ್ಮಾನ ಆಗುವ ಮಾತಲ್ಲ.

ಆದ್ದರಿಂದ ಕಾಲೇಜು, ವಿಶ್ವವಿದ್ಯಾಲಯದವರಲ್ಲಿ ಒಂದು ಕೋರಿಕೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಒಂದೊಂದು ತೋಟ ಆರಿಸಿ. ಕೆಲವು ಮರಕ್ಕೆ ಬೋರ್ಡೋ, ಕೆಲವಕ್ಕೆ ನಿಮ್ಮ ನ್ಯಾನೋ ದ್ರಾವಣ, ಕೆಲವಕ್ಕೆ ಬರೀ ನೀರು ಹೊಡೆಯಿರಿ. ಇಡೀ ಮಳೆಗಾಲ ಉದುರಿದ ಕಾಯಿ ಎಣಿಸಿ. ಹಳ್ಳದ ನೀರನ್ನೂ ಮಣ್ಣನ್ನೂ ಪರೀಕ್ಷಿಸಿ. ನಷ್ಟವಾದರೆ ತೋಟದವರಿಗೆ ಕಟ್ಟಿಕೊಡಿ. ಫಲಿತಾಂಶ ಸೋಲಾದರೂ ಕನ್ನಡದಲ್ಲಿ ಹೇಳಿ.

ಓದುಗರಲ್ಲಿ ಒಂದು ಮಾತು. ಬೆಳ್ಳಿ ನೀರು ಅಂತ ಯಾರಾದರೂ ಬಾಟಲಿ ಹಿಡಿದು ಬಂದರೆ ಕುಡಿಯಬೇಡಿ. ದಿನಗಟ್ಟಲೆ ಕುಡಿದರೆ ಬೆಳ್ಳಿ ಮೈಯಲ್ಲಿ ಸೇರಿ ಚರ್ಮ ಬೂದು ನೀಲಿಗೆ ತಿರುಗಬಹುದು, ಆ ಬಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ. ಸಕ್ಕರೆ ಕಾಯಿಲೆಯ ಗಾಯಕ್ಕೆ ಮನೆಯಲ್ಲಿ ಪ್ರಯೋಗ ಬೇಡವೇ ಬೇಡ, ಕಾಲೇ ಹೋಗಬಹುದು. ಆ ಅಕ್ಕನಿಗೆ ಕೊನೆಗೆ ನಾನು ಹೇಳಿದ್ದೂ ಅಷ್ಟೇ: “ಅಮ್ಮನನ್ನು ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನನ್ನ ಸುದ್ದಿ ನಂಬಿ ಕೂರಬೇಡಿ.”

ನನ್ನಂಥ ವರದಿಗಾರರಿಗೂ ಒಂದು ಮಾತಿದೆ. ‘ಇದು ಇನ್ನೂ ಲ್ಯಾಬಿನ ತಟ್ಟೆಯಲ್ಲಿದೆ, ಮನುಷ್ಯರ ಮೇಲೂ ತೋಟದಲ್ಲೂ ಪರೀಕ್ಷೆ ಆಗಿಲ್ಲ’ ಎಂಬ ಒಂದು ಸಾಲಿಗೆ ಸುದ್ದಿಯಲ್ಲಿ ಜಾಗ ಮಾಡೋಣ. ಆ ಸಾಲು ಹಾಕಿದ್ದರೆ ಆ ಎರಡು ಫೋನ್ ಬರುತ್ತಿರಲಿಲ್ಲ.