ಒಂದೊಂದು ಕಾರಿಗೆ ಒಬ್ಬೊಬ್ಬ

ಕಳೆದ ವಾರ ಕೆಲಸದ ನಿಮಿತ್ತ ಬೆಂಗಳೂರಿಗೆ ಹೋಗಿದ್ದ ನಾವು ಮೆಜೆಸ್ಟಿಕ್ಕಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಬಾಡಿಗೆ ಕಾರು ಹಿಡಿದೆವು. (ಬಸ್ಸು ಬಿಟ್ಟು ಕಾರೇರಿದ್ದಕ್ಕೆ ಮಿತ್ರರು ಕ್ಷಮಿಸಬೇಕು, ಜೊತೆಗಿದ್ದ ಹಿರಿಯ ಕಾರ್ಯಕರ್ತರ ಕಾಲಿಗೆ ಪೆಟ್ಟಾಗಿತ್ತು.) ಸಿಲ್ಕ್ ಬೋರ್ಡ್ ಹತ್ತಿರ ಕಾರು ನಿಂತಿತು. ನಿಂತೇ ಇತ್ತು. ಆ ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಎಲ್ಲವೂ ಅಂದು ಅಲ್ಲಿಗೇ ಬಂದಂತಿತ್ತು. ಬಹುಪಾಲು ಕಾರುಗಳಲ್ಲಿ ಒಬ್ಬೊಬ್ಬನೇ ಮನುಷ್ಯ, ಗಾಜು ಏರಿಸಿಕೊಂಡು ಕುಳಿತಿದ್ದಾನೆ. ಕೈ ಚಾಚಿದರೆ ಪಕ್ಕದವನ ಭುಜ ಸಿಗುವಷ್ಟು ಹತ್ತಿರ. ಆದರೂ ಮಾತೆಂದರೆ ಹಾರನ್ ಒಂದೇ.

ಅಷ್ಟರಲ್ಲಿ ಪಕ್ಕದ ಬಾಡಿಗೆ ಕಾರಿನವನು ನಮ್ಮ ಕಾರಿನ ಕೆ.ಎ. 17 ನಂಬರು ಕಂಡು ಗಾಜು ಇಳಿಸಿದ. "ದಾವಣಗೆರೆ ನಂಬರು! ಯಾವೂರಣ್ಣ?"

"ಹೊನ್ನಾಳಿ. ನಿಮ್ದು?"

"ಹರಿಹರ. ಊಟ ಆತಾ?"

ಉತ್ತರ ಹೇಳುವ ಮೊದಲೇ ಹಸಿರು ದೀಪ ಹತ್ತಿತು. ಅವನು ಮಾರತಹಳ್ಳಿ ಕಡೆ, ನಾವು ಹೊಸೂರು ರಸ್ತೆಗೆ. ನಮ್ಮ ಚಾಲಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನಾಲ್ಕು ವರ್ಷ ಆತು ಸಾರ್ ಬಂದು. ದಿನಾ ಹದಿಮೂರು ತಾಸು ಓಡಿಸ್ತೀನಿ. ಗುರುತಿನೋರು ಅಂದ್ರೆ ರೂಮಿನೋರು ಇಬ್ಬರೇ."

ಬೆಂಗಳೂರಿನಲ್ಲಿ ಬಿನ್ನಿ, ಮಿನರ್ವ ಮಿಲ್ಲುಗಳು ನಡೆಯುತ್ತಿದ್ದಾಗ ಪಾಳಿ ಬಿಟ್ಟವರೆಲ್ಲ ಒಂದೇ ಗೇಟಿನಿಂದ ಹೊರಬೀಳುತ್ತಿದ್ದರು. ಕೂಲಿ ಕಡಿತದ ಸುದ್ದಿ ಗೇಟಿನಲ್ಲೇ ಹಬ್ಬುತ್ತಿತ್ತು. ಗೇಟು ಎಂದರೇನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಆಟೋದವರಿಗೆ ಇಂದಿಗೂ ನಿಲ್ದಾಣವಿದೆ; 1980ರ 'ಆಟೋ ರಾಜ'ದ ಶಂಕರ್ ನಾಗ್ ಹೆಸರಿನ ಬೋರ್ಡು, ಕನ್ನಡ ಬಾವುಟ, ನವೆಂಬರಿನಲ್ಲಿ ಸಿಹಿ. ಒಬ್ಬನಿಗೆ ಜ್ವರ ಬಂದರೆ ಸರದಿಯಲ್ಲಿ ಹಿಂದೆ ನಿಂತವನಿಗೆ ತಿಳಿಯುತ್ತದೆ. ಕಾರಿನವನು ಫೋನು ಕರೆದತ್ತ ಓಡಬೇಕು. ಇಂದು ಕಂಪನಿ ಎಷ್ಟು ಹಿಡಿದುಕೊಂಡಿತೆಂದು ಪಕ್ಕದವನನ್ನು ಕೇಳಲು ಕೆಂಪು ದೀಪವೇ ಗತಿ.

2025ರಲ್ಲಿ ರಾಜ್ಯ ಸರ್ಕಾರ ಇಂಥ ಗಿಗ್ ಕಾರ್ಮಿಕರಿಗಾಗಿ ಕಾನೂನು ಮಾಡಿತು. ಅವರಿಗೆ ಕೊಡುವ ಹಣದ ಮೇಲೆ ಕಂಪನಿಗಳಿಂದ ಶೇಕಡ 1ರಿಂದ 5ರವರೆಗೆ ಶುಲ್ಕ, ಕಲ್ಯಾಣ ಮಂಡಳಿ, ನೋಂದಣಿ ಎಲ್ಲ ಅದರಲ್ಲಿವೆ. ನಾವು ಸ್ವಾಗತಿಸುತ್ತೇವೆ. ಆದರೆ ನೋಂದಣಿ ಸಂಖ್ಯೆ ಒಬ್ಬೊಬ್ಬನಿಗೆ ಒಂದೊಂದು. ನಾಲ್ವರು ಕೂತು ಮಾತಾಡುವ ಜಾಗವೆಲ್ಲಿ? ದೊಡ್ಡ ಕೂಡುರಸ್ತೆಗಳ ಬಳಿ ನೆರಳು, ನಲ್ಲಿ, ಶೌಚಾಲಯ, ಎರಡು ಬೆಂಚುಗಳಿರುವ ಚಾಲಕರ ನಿಲ್ದಾಣಗಳನ್ನು ಪಾಲಿಕೆಗಳು ಕಟ್ಟಿಸಬೇಕು. ಮಂಡಳಿ ಅದಕ್ಕಾಗಿ ಒತ್ತಾಯಿಸಬೇಕು.

ನಮ್ಮ ಓದುಗರ ಎಷ್ಟೋ ಮನೆಗಳ ಹುಡುಗರು ಅಲ್ಲಿ ಕಾರು ಓಡಿಸುತ್ತಿದ್ದಾರೆ. ಹಬ್ಬಕ್ಕೆ ಬಂದಾಗ ಅವರನ್ನು ನಮ್ಮ ಕಛೇರಿಗೆ ಕಳುಹಿಸಿ. ಹೊನ್ನಾಳಿಯವನ ನಂಬರು ಬರೆದುಕೊಂಡಿದ್ದೇವೆ. ಹರಿಹರದವನದು ಇನ್ನೂ ಸಿಕ್ಕಿಲ್ಲ.