ಆಟವಾಡದವರಿಗೂ ಒಂದು ಪಾಲು

ಕಾಲೇಜಿನ ಕ್ರೀಡೋತ್ಸವದ ದಿನ ಮೈದಾನದ ಅಂಚಿನಲ್ಲಿ ನಿಂತು ನೋಡಿರಿ. ಓಡುವವರು 40 ಮಂದಿಯಾದರೆ ಚಪ್ಪಾಳೆ ತಟ್ಟುವವರು 800 ಮಂದಿ. ಕ್ರೀಡೆಯ ಹೆಸರಿನಲ್ಲಿ ಬರುವ ಹಣದ ಬಹುಭಾಗವು ಆ 40 ಮಂದಿಯ ಉಡುಪು, ಪ್ರಯಾಣ, ಪದಕಗಳಿಗೆ ಸಂದುಹೋಗುತ್ತದೆ. ಇದು ತಪ್ಪೆಂದು ನಾನು ಹೇಳಲಾರೆ. 2020ರಲ್ಲಿ ಭುವನೇಶ್ವರದಲ್ಲಿ ಮೊದಲುಗೊಂಡು 2022ರಲ್ಲಿ ಬೆಂಗಳೂರಿಗೂ ಬಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು ಕಂಡು ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಆದರೆ ಚಪ್ಪಾಳೆ ತಟ್ಟಿದವರ ಹೃದಯ, ಶ್ವಾಸಕೋಶಗಳ ಯೋಗಕ್ಷೇಮವನ್ನು ವಿಚಾರಿಸುವವರಾರು? ವಿಶ್ವವಿದ್ಯಾಲಯಗಳು ಕಾಲೇಜಿಗೆ ವರ್ಷಕ್ಕೆ 25,000 ರೂಪಾಯಿಗಳಂತೆ ಕಿರು ಅನುದಾನವನ್ನು ಇವರಿಗಾಗಿಯೇ ತೆಗೆದಿರಿಸಬೇಕು. ಫಲವನ್ನು ಅಳೆದು ತೋರಿಸಬೇಕೆಂಬ ಒಂದೇ ನಿಬಂಧನೆಯೊಡನೆ ಅದನ್ನು ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ತಲೆಗೆ 31 ರೂಪಾಯಿ ಚಿಲ್ಲರೆಯಾಗುವ ಮೊತ್ತವಿದು.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸಲಹೆಯಂತೆ 17 ವರ್ಷದವರೆಗಿನ ಬಾಲಕ ಬಾಲಕಿಯರಿಗೆ ದಿನಕ್ಕೆ ಸರಾಸರಿ 60 ನಿಮಿಷ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ದೇಹಶ್ರಮ ಅವಶ್ಯಕ. 2016ರ ಅಂಕಿಗಳನ್ನು ನೋಡಿದರೆ, ಲೋಕದಾದ್ಯಂತ 11ರಿಂದ 17 ವರ್ಷದ ವಿದ್ಯಾರ್ಥಿಗಳಲ್ಲಿ 100ಕ್ಕೆ 81 ಮಂದಿ ದಿನಕ್ಕೆ 60 ನಿಮಿಷದ ಮಟ್ಟವನ್ನು ಮುಟ್ಟಿರಲಿಲ್ಲ.

ದೇಹಶ್ರಮಕ್ಕೂ ಹೃದ್ರೋಗಕ್ಕೂ ಇರುವ ಸಂಬಂಧವನ್ನು ಮೊದಲು ಬೆಳಕಿಗೆ ತಂದ ಸಂಶೋಧನೆಗಳಲ್ಲೊಂದು ನಡೆದುದು ಲಂಡನ್ನಿನ ಬಸ್ಸುಗಳಲ್ಲಿ. ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ದಿನವೆಲ್ಲ ಕುಳಿತಿರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ಹತ್ತಿಳಿಯುವ ಕಂಡಕ್ಟರರಲ್ಲಿ ಹೃದ್ರೋಗ ಕಡಿಮೆಯೆಂದು ತೋರಿಸಿದರು. ಅಲ್ಲಿಗೆ ತೃಪ್ತರಾಗದೆ, 1956ರಲ್ಲಿ ಅವರು ಸಮವಸ್ತ್ರ ಹೊಲಿಸಿದ ಲೆಕ್ಕಪತ್ರಗಳನ್ನು ತೆರೆದು ನೋಡಿದರು. ಚಾಲಕರ ಷರಾಯಿಯ ಸೊಂಟದಳತೆ ಕಿರಿಯ ವಯಸ್ಸಿನಲ್ಲಿಯೇ ಹೆಚ್ಚಾಗಿತ್ತು! ಅಂದರೆ ವ್ಯತ್ಯಾಸದ ಒಂದು ಪಾಲನ್ನು ಅವರು ಕೆಲಸಕ್ಕೆ ಸೇರುವಾಗಲೇ ಹೊತ್ತು ತಂದಿರಬಹುದು. ತಮ್ಮ ಸಿದ್ಧಾಂತವನ್ನು ತಾವೇ ಒರೆಗೆ ಹಚ್ಚಿದ ಈ ಪ್ರಾಮಾಣಿಕತೆಯ ಮುಂದೆ ದೊಡ್ಡ ಯಂತ್ರಗಳೇನು ಮಹಾ? ಅದಕ್ಕೆ ತಗುಲಿದ ಸಾಮಗ್ರಿಯೆಂದರೆ ದರ್ಜಿಯ ಅಳತೆಯ ಪಟ್ಟಿ.

ನಮ್ಮ ಕಾಲೇಜುಗಳಿಗೆ ಬೇಕಾದುದೂ ಹೆಚ್ಚೇನಲ್ಲ. ಬಡಗಿಯಿಂದ ಮಾಡಿಸಿದ ಗಟ್ಟಿಯಾದ ಮಣೆಗಳು, ಗಡಿಯಾರ, ಅಳತೆಪಟ್ಟಿ, ತೂಕದ ಯಂತ್ರ. 1943ರಲ್ಲಿ ಹಾರ್ವರ್ಡಿನಲ್ಲಿ ರೂಪುಗೊಂಡ ಮೆಟ್ಟಿಲು ಪರೀಕ್ಷೆಗೆ ಇಷ್ಟೇ ಸಾಕು. 20 ಅಂಗುಲದ ಮಣೆಯನ್ನು ನಿಮಿಷಕ್ಕೆ 30 ಬಾರಿಯಂತೆ 5 ನಿಮಿಷ ಹತ್ತಿಳಿಯುವುದು. ಬಳಿಕ ಕುಳಿತು, 1, 2, 3ನೆಯ ನಿಮಿಷಗಳು ಮುಗಿದೊಡನೆ ಅರ್ಧರ್ಧ ನಿಮಿಷ ನಾಡಿಯನ್ನು ಎಣಿಸುವುದು. ಮೂರು ಎಣಿಕೆಗಳ ಮೊತ್ತದ ಇಮ್ಮಡಿಯಿಂದ, ಹತ್ತಿಳಿದ ಸೆಕೆಂಡುಗಳ ನೂರ್ಮಡಿಯನ್ನು ಭಾಗಿಸಬೇಕು. ಮೊತ್ತ 185 ಆದರೆ ಸೂಚ್ಯಂಕ 81. ಅದು ಒಳ್ಳೆಯ ದರ್ಜೆಯೇ ಸರಿ.

ಭೌತಶಾಸ್ತ್ರದವನಾದ ನನಗೆ ಇಲ್ಲೊಂದು ಸಂತೋಷವುಂಟು. 60 ಕಿಲೋಗ್ರಾಂ ತೂಕದ ವಿದ್ಯಾರ್ಥಿ ಅರ್ಧ ಮೀಟರು ಏರಿದಾಗ ಮಾಡುವ ಕೆಲಸ 294 ಜೌಲ್. ನಿಮಿಷಕ್ಕೆ 30 ಬಾರಿಯೆಂದರೆ 147 ವಾಟ್. 75 ವಾಟಿನ ಎರಡು ಫ್ಯಾನುಗಳಿಗೆ ಸುಮಾರಾಗಿ ಸಾಲುವ ಸಾಮರ್ಥ್ಯ! ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಕೆಲಸವಾಗುವುದು ಐದನೆಯ ಒಂದು ಪಾಲಿನಷ್ಟು, ಉಳಿದದ್ದು ಶಾಖವಾಗುತ್ತದೆ, ಬೆವರಿಗೆ ಕಾರಣವಿದೇ. ಪುಸ್ತಕದಲ್ಲಿ ಓದಿದ ಸಾಮರ್ಥ್ಯದ ವ್ಯಾಖ್ಯೆ ಮೈಗೆ ಹತ್ತುವುದು ಹೀಗೆ. ನಾನೂ ಒಮ್ಮೆ ಈ ಮಣೆಯನ್ನೇರಿ ಮೂರನೆಯ ನಿಮಿಷಕ್ಕೆ ಸೋತೆ. ನಾಡಿ ಎಣಿಸಲು ನಿಂತಿದ್ದ ವಿದ್ಯಾರ್ಥಿಗಳು ನಗು ತಡೆದುಕೊಂಡಿದ್ದು ಅವರ ಸೌಜನ್ಯ. ಕುಳ್ಳಗಿರುವವರಿಗೆ ಮಣೆ ತಗ್ಗಾಗಿರಬೇಕು. ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಏರಕೂಡದು. ಯಾರ ತೂಕವನ್ನೂ ತರಗತಿಯಲ್ಲಿ ಓದಿ ಹೇಳಕೂಡದು.

ಅಳತೆಯಲ್ಲಿ ಮಾರಿಸರ ಎಚ್ಚರಿಕೆ ನಮಗೂ ಇರಲಿ. ಉತ್ಸಾಹದಿಂದ ತಾವಾಗಿ ಬಂದವರನ್ನಷ್ಟೇ ಎಣಿಸಿದರೆ, ಮೊದಲೇ ಗಟ್ಟಿಯಾಗಿದ್ದವರನ್ನು ಎಣಿಸಿದಂತಾದೀತು. ಎರಡು ವಿದ್ಯಾರ್ಥಿನಿಲಯಗಳಲ್ಲಿ ಒಂದು ಈ ಅವಧಿಯಲ್ಲಿ ಸಂಜೆಯ ನಡಿಗೆಯನ್ನು ಆರಂಭಿಸಲಿ, ಇನ್ನೊಂದು ಮುಂದಿನ ಅವಧಿಯಲ್ಲಿ. ಯಾವುದು ಮೊದಲೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಲಿ. ಎರಡರಲ್ಲೂ ಆರಂಭದಲ್ಲೊಮ್ಮೆ, ಅವಧಿಯ ಕೊನೆಯಲ್ಲೊಮ್ಮೆ ನಾಡಿ ಎಣಿಸಿದರೆ ಹೋಲಿಕೆಗೆ ಆಧಾರ ದೊರೆಯುತ್ತದೆ.

ಸಣ್ಣ ಹಣ ಚೆಲ್ಲಿಹೋಗುತ್ತದೆಂದು ಕೆಲವರು ಆಕ್ಷೇಪಿಸುವರು. ದೊಡ್ಡ ಹಣವೂ ಚೆಲ್ಲುವುದುಂಟು: ಅನುದಾನದಿಂದ ಕೊಂಡ ವ್ಯಾಯಾಮ ಯಂತ್ರಗಳು ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದುದನ್ನು ನಾನು ಕಂಡಿದ್ದೇನೆ. ಆದರೂ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ದೈಹಿಕ ಶಿಕ್ಷಣದ ಅಧ್ಯಾಪಕರೇ ಇಲ್ಲದ ಕಾಲೇಜಿಗೆ 25,000 ರೂಪಾಯಿ ಪರಿಹಾರವಲ್ಲ. ಅಲ್ಲಿ ಮೊದಲು ಹುದ್ದೆ ತುಂಬಬೇಕು. ಉಳಿದೆಡೆ, ಸಂಜೆ ಆರರ ಮೇಲೆ ಹೆಣ್ಣುಮಕ್ಕಳು ನಿರ್ಭಯವಾಗಿ ನಡೆಯಲು ಮೈದಾನದ ಸುತ್ತ ನಾಲ್ಕು ದೀಪ ಹಾಕಿಸಿದರೆ, ಅದು ಎಷ್ಟೋ ಯಂತ್ರಗಳಿಗಿಂತ ಮೇಲು.

ಲೆಕ್ಕ ಒಪ್ಪಿಸುವ ಕ್ರಮವೂ ಹಣಕ್ಕೆ ತಕ್ಕಂತಿರಲಿ. ಒಂದು ಹಾಳೆ ಖರ್ಚಿಗೆ, ಒಂದು ಹಾಳೆ ನಾಡಿಯ ಎಣಿಕೆಗಳಿಗೆ. ಏನೂ ಸುಧಾರಣೆಯಾಗಲಿಲ್ಲವೆಂದು ಬರೆದ ಕಾಲೇಜಿಗೆ ಮುಂದಿನ ವರ್ಷದ ಹಣವನ್ನು ತಡೆಹಿಡಿಯಬಾರದು. ತಡೆಹಿಡಿದರೆ, ಆಮೇಲೆ ಎಲ್ಲ ಕಾಲೇಜುಗಳೂ ಸುಧಾರಣೆಯಾಯಿತೆಂದೇ ಬರೆಯತೊಡಗುವವು.