ಜೇನಿನ ವೇಷದ ನೊಣ

ಮಾಕಳಿದುರ್ಗದಲ್ಲಿ ಕೋಟೆ ಹತ್ತಲು ಬಂದವರ ಕಣ್ಣು ಸದಾ ಬೆಟ್ಟದ ಮೇಲೆಯೇ. ಮಳೆಗಾಲ ಮುಗಿಯುವ ಹೊತ್ತಿಗೆ ಹೋದರೆ ಐದು ನಿಮಿಷ ಕೆಳಗೆ, ಹೊಲದ ಬದುವಿನಲ್ಲಿ ನಿಲ್ಲಿ. ರಾಗಿಯ ನಡುವೆ ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿಯಾಗಿ ಅರಳಿರುತ್ತದೆ. ಹೂವಿನೆದುರು ಗಾಳಿಯಲ್ಲೇ ಅಲುಗಾಡದೆ ನಿಂತ ಪಟ್ಟೆ ಪಟ್ಟೆಯ ಹುಳುವೊಂದು ಕಂಡೀತು. ‘ಜೇನು, ಕಚ್ಚುತ್ತೆ!’ ಎಂದು ಮಗುವನ್ನು ಎಳೆದುಕೊಳ್ಳಬೇಡಿ. ಅದು ಸಿರ್ಫಿಡ್ ನೊಣ ಇರಬಹುದು. ಅದಕ್ಕೆ ಕುಟುಕುವ ಮುಳ್ಳೇ ಇಲ್ಲ. ಹಕ್ಕಿಗಳನ್ನು ಹೆದರಿಸಲು ಜೇನಿನ ವೇಷ ಹಾಕಿದೆ, ಅಷ್ಟೆ.

ಫೋಟೊ ತೆಗೆದು ವೇಷ ಕಳಚೋಣವೇ? ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡು ಎಂದು ಓದಿರುತ್ತೀರಿ. ಆದರೆ ಜೇನಿನ ಹಿಂದಿನ ರೆಕ್ಕೆ ಮುಂದಿನದಕ್ಕೆ ಸಿಕ್ಕಿಕೊಂಡು ಚಿತ್ರದಲ್ಲಿ ಒಂದೇ ಆಗಿ ಕಾಣುತ್ತದೆ. ಆದ್ದರಿಂದ ಮೊದಲು ಮುಖ ನೋಡಿ. ಜೇನಿನ ಕುಡಿಮೀಸೆ ಉದ್ದ, ಮೊಣಕೈಯಂತೆ ಬಾಗಿದೆ. ಸಿರ್ಫಿಡ್‌ಗಳದು ಸಾಮಾನ್ಯವಾಗಿ ಮೊಟಕು. ಕಣ್ಣು ತಲೆಯನ್ನೆಲ್ಲ ತುಂಬಿರುತ್ತದೆ. ಎರಡೂ ಕಣ್ಣು ನೆತ್ತಿಯಲ್ಲಿ ಕೂಡಿದ್ದರೆ ಅದು ಬಹುತೇಕ ಗಂಡು. ರೆಕ್ಕೆಯ ನಡುವೆ ಎರಡು ತುದಿಯೂ ಯಾವುದಕ್ಕೂ ಸೇರದ ಸುಳ್ಳು ನರವೊಂದು ಕಂಡರೆ ಸಿರ್ಫಿಡ್ ಎಂಬುದು ಹೆಚ್ಚುಕಡಿಮೆ ಖಚಿತ. ಹಾಗಾಗಿ ಒಂದು ಚಿತ್ರ ಸಾಲದು. ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಮೂರಾದರೂ ಬೇಕು.

ಮುಂದೆ ಹೆಸರು. ಕಣ್ಣಿನಲ್ಲಿ ಚುಕ್ಕಿಗಳಿದ್ದರೆ ಎರಿಸ್ಟಲೈನಸ್ ಇರಬಹುದು. ಹೊಟ್ಟೆಯ ಹಳದಿಯ ಮೇಲೆ ದಪ್ಪ ಪಟ್ಟೆಯ ಜೊತೆಗೆ ಮೀಸೆಯಂಥ ತೆಳು ಪಟ್ಟೆಯೂ ಇದ್ದರೆ ಎಪಿಸಿರ್ಫಸ್. ಪುಟಾಣಿ ಪ್ಯಾರಾಗಸ್‌ನ ಪ್ರಭೇದಗಳನ್ನು ತಿಳಿಯಲು ಮಾತ್ರ ಎಷ್ಟೋ ಸಲ ಗಂಡು ನೊಣದ ಜನನಾಂಗವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಜಗತ್ತಿನಲ್ಲಿ ಸುಮಾರು 6,000 ಬಗೆಯ ಸಿರ್ಫಿಡ್‌ಗಳಿವೆ. ಫೋನು ತಟ್ಟನೆ ತೋರಿಸಿದ ಹೆಸರನ್ನು ಹಾಗೆಯೇ ಬರೆದುಕೊಳ್ಳಬೇಡಿ. ‘ಪ್ಯಾರಾಗಸ್, ಪ್ರಭೇದ ಗೊತ್ತಾಗಲಿಲ್ಲ’ ಎಂದು ಬರೆದ ಮಗುವಿಗೆ ಪೂರ್ತಿ ಅಂಕ ಸಲ್ಲಬೇಕು.

ಇಷ್ಟೆಲ್ಲ ಯಾಕೆ ಎನ್ನುತ್ತೀರಾ? ಅದೇ ಅಕ್ಕಡಿ ಸಾಲಿನ ಅವರೆಯ ಕುಡಿ ಮುಗುಚಿ ನೋಡಿ. ಕರಿ ಹೇನಿನ ಗುಂಪಿನ ನಡುವೆ ಜಿಗಣೆಯಂಥ, ಕಾಲಿಲ್ಲದ ಹುಳು ಇದ್ದೀತು. ಅದು ಎಪಿಸಿರ್ಫಸ್‌ನಂಥ ನೊಣದ ಮರಿ. ಬೆಳೆಯುವಷ್ಟರಲ್ಲಿ ನೂರಾರು ಹೇನು ತಿಂದು ಮುಗಿಸುತ್ತದೆ. ಗುರುತು ಗೊತ್ತಿಲ್ಲದೆ ಔಷಧಿ ಹೊಡೆದರೆ ಹೇನಿನೊಂದಿಗೆ ಕಾವಲುಗಾರನೂ ಸತ್ತಂತೆ. ಕಾವಲುಗಾರನಿಲ್ಲದ ಹೊಲಕ್ಕೆ ಹೇನು ಮತ್ತೆ ಬರುತ್ತದೆ.

ಈ ಭಾನುವಾರ ಅಪ್ಪ ಅಮ್ಮನ ಜೊತೆ ಒಂದು ಹೂವಿನ ಮುಂದೆ ಕುಳಿತು ನೋಡಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.